ಹೂ ಡಾಕ್ಟರ ಕುರ್ಚಿ

ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನ ಮೆಟ್ಟಿಲಿಳಿದು
ಎಡಕ್ಕೆ ಹೊರಳಿದರೆ, ಗ್ರೀಸು ಹಿಡಿದ ಗ್ಯಾರೇಜಿನ ಮೇಲೆ
ಬಣ್ಣ ಹೋದ ಬೋರ್ಡು:
ಚೀನೀ ದಂತವೈದ್ಯ, ಹೂ.
ನನಗೋ ನಗು. ಈ ಬೀದಿಯಲ್ಲಿ ಎಂಥ ಹೂ?

ಕುರ್ಚಿ ಒರಗಿಸಿ, ದೀಪ ಎಳೆದು
ಮಝಗಾಂವ್ ಹಿಂದಿಯಲ್ಲೇ ಶುರು:
"ಹೂ ಅನ್ನೋದು ಪೀಕಿಂಗ್ ರೇಡಿಯೋದವರು, ಬಾಯಿ.
ಹುಬೈಯ ನಮ್ಮಜ್ಜಿ ಊರಲ್ಲಿ ನಾವು ಫೂ.
ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು, ನೋಡಿ, ಫೂ.
ಹಲ್ಲಿಲ್ಲದವರದು ಹೂ."

ಬಾಯಿ ಅಂದರೆ ಅವನಿಗೆ ನಾನು;
ನನಗೆ, ಅವನ ಬೆರಳಿರುವ ಜಾಗ.
ಹೇಗೆ ಹೇಳಲಿ, ಪಕ್ಕದ ಖೋಲಿಯ ಅಪ್ಪಿ ಶೆಡ್ತಿಗೆ
ತುಳುವಿನಲ್ಲಿ ಅದು ಪೂ,
ಎರಡೂ ತುಟಿ ಮುಚ್ಚಿ ತೆರೆಯಬೇಕು ಅಂತ.

ಚೀನೀ ದೇವಳದ ಬೀಗದ ಕೈ ಲ್ಯೂಂಗನದು,
ಕ್ಯಾಂಟನ್ನಿನ ಕಡೆಯವ, ಡ್ರೈಕ್ಲೀನಿಂಗ್.
ಒಬ್ಬನ ಚೀನೀ ಇನ್ನೊಬ್ಬನ ಕಿವಿಗೆ ಮರಳು.
ಹೊಸ ವರ್ಷಕ್ಕೆ ಊದುಬತ್ತಿ ಹಚ್ಚಿ, ಜಗಳ ಹಿಂದಿಯಲ್ಲಿ.
"ಆಕಾಶದಲ್ಲಿ ಒಂಬತ್ತು ತಲೆಯ ಹಕ್ಕಿ,
ನೆಲದ ಮೇಲೆ ಹುಬೈಯವ," ಇವನ ಗಾದೆ.
"ಒಂಬತ್ತು ಕೊಕ್ಕು, ಒಂದರಲ್ಲೂ ಹಲ್ಲಿಲ್ಲ," ಲ್ಯೂಂಗ್.
ಕೊನೆಗೊಬ್ಬ ಲಾಂಡ್ರಿ ಚೀಟಿಯ ಹಿಂದೆ ಅಕ್ಷರ ಬರೆಯುತ್ತಾನೆ.
ಅದನ್ನು ತಂತಮ್ಮ ಗಂಟಲಲ್ಲಿ ಓದಿಕೊಂಡು
ಇಬ್ಬರೂ ಗೆದ್ದು ಮನೆಗೆ.

ನಾನು ಮುನ್ಸಿಪಲ್ ಶಾಲೆಯ ಕನ್ನಡ ಟೀಚರು.
ಮೂವತ್ತೊಂದು ವರ್ಷ ಕೆಂಪು ಮಸಿ:
ಹೋಪ ಹೊಡೆದು ಹೋಗೋಣ,
ಹೋಗೂಣು ಹೊಡೆದು ಹೋಗೋಣ.
ಬಾಗಲಕೋಟೆಯ ಗವಂಡಿ ಮಗಳು
ಬರಬರುತ್ತ ಮಾತೇ ಬಿಟ್ಟಳು.
ರಾತ್ರಿಶಾಲೆಗೆ ಬರುತ್ತಿದ್ದ ಕುಂದಾಪುರದ ಕ್ಲೀನರ್ ಹುಡುಗ,
ಕೈಯಲ್ಲಿ ಸಾಂಬಾರಿನ ವಾಸನೆ,
"ಹ್ವಾಯ್ ಟೀಚರ್" ಅಂದದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದೆ.
ನನ್ನೂರಿನಿಂದ ಎರಡು ಹೊಳೆ ಆಚೆಯವ.
ಹೇಳಿಕೊಳ್ಳಲಿಲ್ಲ.
ಇಡೀ ತರಗತಿ ನಕ್ಕಿತು, ನಾನೂ, ಆಗಿನ್ನೂ ಇದ್ದ
ನನ್ನ ಸ್ವಂತ ಹಲ್ಲುಗಳಲ್ಲಿ.

ಇವತ್ತು ಹೊಸ ಸೆಟ್ಟು. ಒಸಡಿಗೆ ಒತ್ತಿ ಕೂರಿಸಿ
"ಏನಾದರೂ ಮಾತಾಡಿ, ಫಿಟ್ಟಿಂಗ್ ನೋಡಬೇಕು."
ಅಚ್ಚುಕಟ್ಟಾದ ವಾಕ್ಯವೊಂದು ಸಿದ್ಧವಿತ್ತು,
ಕರ್ತೃ, ಕರ್ಮ, ಕ್ರಿಯಾಪದ.
ಬಂದದ್ದು,
"ಹ್ವಾಯ್, ಹೂಂಗ್ ಕೊಯ್ಕಂಡ್ ಬಪ್ಪುದಾ?"

ಅವನು ಕನ್ನಡಕ ಹಣೆಗೇರಿಸಿದ.
ಅರ್ಥ ಕೇಳಲಿಲ್ಲ, ಊರು ಕೇಳಿದ.
ಆಮೇಲೆ ಸೆಟ್ಟು ತೆಗೆದು, ಅರದಿಂದ
ಮುಂದಿನ ಹಲ್ಲನ್ನು ಒಂದಿಷ್ಟು ಉಜ್ಜಿ, ತೊಳೆದು, ಮತ್ತೆ ಕೂರಿಸಿ,
"ಇನ್ನೊಮ್ಮೆ," ಅಂದ.