ಗೆರೆಯ ಮೇಲೆ

ಫಾಹೀಲಿನ ಕಡಲಬದಿಯ ರಸ್ತೆಯಲ್ಲಿ ಪೊಲೀಸು
ಗಾಡಿಯಿಂದಿಳಿದು ಮೊದಲು ಮೂಸಿದ್ದು ನನ್ನ ಬಾಯಿ.
ಕುಡಿಯಲು ಸಿಗದ ದೇಶದಲ್ಲಿ
ಕುಡಿದವನ ಹಾಗೆ ನಡೆಯುತ್ತಿದ್ದೆ.
ಊದಿದೆ. ಸೊನ್ನೆ.
ಇನ್ನೊಮ್ಮೆ ಊದು ಅಂದ. ಮತ್ತೂ ಸೊನ್ನೆ.
ಆ ಸೊನ್ನೆಯೇ ನನ್ನನ್ನು ಈ ಆಸ್ಪತ್ರೆಗೆ ಕಳಿಸಿದ್ದು.

ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಿರಿ, ಅಂದರು
ಈಜಿಪ್ಟಿನ ಡಾಕ್ಟರಮ್ಮ. ಎರಡು ಟೈಲ್ಸ್ ನಡುವೆ ಒಂದು ಗೆರೆ.
ಹದಿನಾರು ವರ್ಷ ಮೀನಾ ಅಬ್ದುಲ್ಲಾದಲ್ಲಿ
ಒಂಬತ್ತಿಂಚಿನ ಹಲಗೆಯ ಮೇಲೆ,
ಕೆಳಗೆ ನಲವತ್ತು ಮೀಟರು ಬರೀ ಗಾಳಿ,
ನಡೆದ ಕಾಲು ಇದು.
ನೆಲದ ಗೆರೆ ಮೂರನೇ ಹೆಜ್ಜೆಗೇ ಜಾರಿತು.

ಮೂಗಿಗೆಂದು ಹೊರಟ ಬೆರಳು ಕೆನ್ನೆಗೆ ಹೋಯಿತು.
ಪೆನ್ನು ಎಡಕ್ಕೆ ಸರಿದರೆ ಕಣ್ಣು
ಕೊನೆಯ ಬಸ್ಸಿನ ಹಾಗೆ ತಡವಾಗಿ ಬಂತು.
ಪ-ತ-ಕ ಅನ್ನಿ.
ನಾಲಿಗೆಗೆ ಮರಳು ಸಿಕ್ಕಿತು.

ಮನೆತನದ ನಕ್ಷೆ ಬರೆದರು: ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ,
ಓಲಾಡಿದವರಿಗೆಲ್ಲ ಕಪ್ಪು.
ಅತ್ತೆ ಅವ್ವಮ್ಮ, ಜಿನ್ನು ಬಿಡಲೆಂದು ನೂಲು ಕಟ್ಟಿಸಿಕೊಂಡವಳು. ಕಪ್ಪು.
ಬಾಪ, ಗುರುಪುರದ ಹೊಳೆಯಲ್ಲಿ ದೋಣಿಗೆ ಹೆಂಚು ತುಂಬುತ್ತಿದ್ದವರು;
ಹೊತ್ತ ಹೆಂಚು ಒಡೆದ ದಿನ
ಜಮಾತಿನ ಹಿರಿಯರು ಬಾಯಿ ಮೂಸಿದರು.
ವಾಸನೆ ಇಲ್ಲ. ಏಲಕ್ಕಿ ಅಗಿದಿರಬೇಕು, ಎಂದರು.
ಕಪ್ಪು ಮಾಡಿ ಡಾಕ್ಟರೇ. ಮೂಲೆ ಬಿಡದೆ ತುಂಬಿಸಿ.

ಆರು ವಾರಕ್ಕೆ ರಕ್ತ ಮಾತಾಡಿತು.
ಮೂರಕ್ಷರದ ಒಂದು ಪದ, ಇಪ್ಪತ್ತೆರಡು ಸಲ ಇರಬೇಕಾದ್ದು
ನಿಮ್ಮಲ್ಲಿ ನಲವತ್ತೊಂದು ಸಲ.
ಮದರಸದಲ್ಲಿ ತಪ್ಪಿದ ಸಾಲನ್ನೇ ಉಸ್ತಾದರು
ಮತ್ತೆ, ಮತ್ತೆ, ಹೇಳಿಸಿದ ಹಾಗೆ.
ತಂದೆಯಿಂದ ಮಕ್ಕಳಿಗೆ ಇಳಿಯುವಾಗ
ಇನ್ನೂ ಉದ್ದವಾಗಬಹುದು, ಇನ್ನೂ ಬೇಗ ಬರಬಹುದು.
ಮದ್ದು?
ಅವರು ಪೆನ್ನಿನ ಮುಚ್ಚಳ ಹಾಕಿದರು.
ಸಂಶೋಧನೆ ನಡೆಯುತ್ತಿದೆ, ಅಂದರು.
ನಡೆಯುತ್ತಿದೆ! ನನಗೆ ನಗು ಬಂತು.
ಅವರಿಗೆ ಯಾಕೆಂದು ತಿಳಿಯಲಿಲ್ಲ.

ಒಂದು ಉಪಕಾರ ಮಾಡಿ.
ನಿಮ್ಮ ಕಾಗದದಲ್ಲಿ, ಮೊಹರಿಗಿಂತ ಮೇಲೆ,
ಇನ್ನೊಂದು ಸಾಲು:
ಇದಿನಬ್ಬ ಕುಡಿದಿರಲಿಲ್ಲ.

ರಾತ್ರಿ ರೂಮಿನಲ್ಲಿ ಫೋನು ಮಿಣುಕಿತು.
ಮಗಳು ಮಿಸ್ರಿಯಾ, ಒಂಬತ್ತು ವರ್ಷ,
ಶಾಲೆಯ ಪಾಗಾರದ ಮೇಲೆ ಎರಡೂ ಕೈ ಚಾಚಿ
ಕೊನೆಯವರೆಗೂ ನಡೆದು ಧೊಪ್ಪನೆ ಹಾರುವ ವಿಡಿಯೋ.
ಐದು ಸಲ ನೋಡಿದೆ.
ಆರನೆಯ ಸಲ, ಕಾಲನ್ನಷ್ಟೇ.
ಹದಿನೆಂಟು ತುಂಬಲಿ, ತಿಳಿಯಬೇಕೋ ಬೇಡವೋ
ಅವಳೇ ಹೇಳಲಿ, ಎಂದಿದ್ದರು ಡಾಕ್ಟರಮ್ಮ.

ಕೈ ಕೆಳಗಿಳಿಸಿ ಒಮ್ಮೆ ನಡೆದು ತೋರಿಸು ಮಗಳೇ,
ಎಂದು ಪಕ್ಕದ ಅಕ್ಷರ, ಪಕ್ಕದ ಅಕ್ಷರ ಒತ್ತುತ್ತ
ಹೇಗೋ ಬರೆದು
ಅಳಿಸಿದೆ.