ಕಮಾನಿಗೆ ಇನ್ನೊಂದು ಪಟ್ಟಾ

ಬಂಗಾರು, ಗಾಡಿ ಚೆನ್ನಾಗದೆ.
ಟೈರಿನ ಮೈಮೇಲೆ ರಬ್ಬರು ಕೂದಲು ಇನ್ನೂ ಉದುರಿಲ್ಲ,
ಸೀಟಿನ ಪ್ಲಾಸ್ಟಿಕ್ಕು ಸುಲಿದಿಲ್ಲ,
ಆಗಲೇ ಚೀಟಿ ಬರಕೊಂಡು ಬಂದಿದೀಯ,
ಮಾವ, ಇಷ್ಟೂ ಹಾಕಿಸಿದರೆ ಹೆಂಗೆ ಅಂತ.

ಮುಂದಿನ ಗಾರ್ಡು ಹೊಡೆದುಹಾಕು.
ನನ್ನದಕ್ಕಿತ್ತು. ತೊಡೆಗಾತ್ರದ ಪೈಪು, ಹನ್ನೊಂದು ಸಾವಿರ.
ಹಾಸನೂರಿನ ಆಚೆ ಒಂದು ಬೆಳಗಿನ ಜಾವ
ಒಂಟಿ ಸಲಗ ಬಂತು, ಕಬ್ಬು ಅದೆಯಾ ಅಂತ ಮೂಸಿತು,
ಬರೀ ಬೀಟ್‌ರೂಟು ಅಂತ ಗೊತ್ತಾಗಿ
ಬೇಜಾರಲ್ಲಿ ಒಂದು ಸಲ ಹಣೆ ಕೊಟ್ಟು ಒತ್ತಿತು. ಅಷ್ಟೇಯ.
ಗಾರ್ಡು ಒಳಕ್ಕೆ ಬಾಗಿ ರೇಡಿಯೇಟರಿಗೇ ತಿವಿದಿತ್ತು.
ಆನೆ ಹೋಯಿತು. ನೀರೂ ಹೋಯಿತು.

ನೆತ್ತಿಗೆ ಉದ್ದನೆ ಬಿಳಿ ಲೈಟಾ?
ದಿಂಬಂ ಮಂಜಿಗೆ ಅದನ್ನ ಬಿಟ್ಟು ನೋಡು:
ಸುಣ್ಣ ಬಳಿದ ಗೋಡೆ ಎದ್ದು ನಿಲ್ಲುತ್ತೆ, ಮೂತಿಗೆ ಮೂರು ಮೊಳದಲ್ಲಿ.
ತಿರುವು ಯಾವುದು, ಕಮರಿ ಯಾವುದು, ಬಣ್ಣಾರಿ ಅಮ್ಮನಿಗೂ ಕಾಣಲ್ಲ.
ಎದುರು ಬಸ್ಸಿನವನ ಶಾಪ ಬೇರೆ, ಅದೂ ತಮಿಳಲ್ಲಿ.
ಹಳೇ ಲೈಟಿಗೆ ಹಳದಿ ಕಾಗದ ಅಂಟಿಸು, ಸಾಕು.

ಹಾರನ್ನು ನಿನ್ನಿಷ್ಟ.
ಹೆಣ್ಣು ನೋಡೋ ವಯಸ್ಸು, ನಾನ್ಯಾಕೆ ಅಡ್ಡ ಬರಲಿ.

ಪಟ್ಟಾ ವಿಷಯ ಮಾತ್ರ
ಬೇಡ ಅನ್ನೋಕೆ ನಾಲಗೆ ಏಳಲ್ಲ, ಹೂಂ ಅನ್ನೋಕೂ.
ಸತ್ಯಮಂಗಲದ ಪೊನ್ನುರಂಗನ ಕುಲುಮೆಯಲ್ಲಿ
ಹಿಂದಿನ ಕಮಾನಿಗೆ ಎರಡು ಪಟ್ಟಾ ಜಾಸ್ತಿ ಕೂರಿಸಿದ ಮೇಲೆ
ಕಂಪನಿ ಬರೆದ ತೂಕಕ್ಕಿಂತ ಅರ್ಧ ಟನ್ನು ಸಲೀಸಾಗಿ ಏರಿತು.
ಆ ಅರ್ಧ ಟನ್ನಲ್ಲೇ ಗಾಡಿ ಸಾಲ ತೀರಿತು, ನಿನ್ನ ಐಟಿಐ ಫೀಜೂ.
ಆದರೆ ಇಳುಕಲಲ್ಲಿ ಡ್ರಮ್ಮು ಸುಟ್ಟ ವಾಸನೆ ಹೊಡೆದಾಗ ತಿಳೀತು,
ಪಟ್ಟಾ ಜಾಸ್ತಿ ಆಗದೆ ಅಂತ
ಬ್ರೇಕಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ನಿಮ್ಮಜ್ಜಿ ಕೊಟ್ಟಿಗೆಯಲ್ಲಿ ಜಾರಿ ಸೊಂಟ ಮುರಕೊಂಡಳಲ್ಲ.
ಆಂಬುಲೆನ್ಸು ಇನ್ನೂ ಎರಡು ಗಂಟೆ ಅಂದರು.
ಮಂಚ ಸಮೇತ ಎತ್ತಿ ಹಿಂದೆ ಇಟ್ಟೆವು.
ಖಾಲಿ ಗಾಡಿ, ಬಿಗಿದ ಕಮಾನು.
ಒಂದೊಂದು ಕಲ್ಲಿಗೂ ಕತ್ತೆ ಒದ್ದ ಹಂಗೆ ಒದೆಯೋದು.
ತಾಳವಾಡಿ ದಾಟೋದರೊಳಗೆ ಅವಳು ಕೂಗೋದು ನಿಲ್ಲಿಸಿದಳು.
ಕೂಗೇ ವಾಸಿಯಿತ್ತು.

ತೂಕ ಬೇಕು ಅಂತ ಹೊಳೆದದ್ದು ಆಗ.
ರೇಟು ಬಿದ್ದು ಯಾರೂ ಎತ್ತದ ಕೋಸು
ದಾರಿ ಪಕ್ಕ ರಾಶಿ ಬಿದ್ದಿತ್ತು, ಸೂಸೈರಾಜನದು.
ಕೇಳದೇನೆ ಮೂವತ್ತು ಮೂಟೆ ತುಂಬಿದೆವು,
ಮೂಟೆ ಮೇಲೆ ಮಂಚ ಕದಲದೆ ಕೂರಲಿ ಅಂತ
ಅದರ ಕಾಲು ನಾಲ್ಕೂ ಕುಯ್ದು.
ಗಾಡಿ ಒಂದು ಸಲ ಉಸಿರು ಬಿಟ್ಟು ಕುಕ್ಕರಿಸಿತು.
ಆಮೇಲೆ ನಡೀತು ನೋಡು,
ತುಂಬಿದ ಕೊಡದವಳು ಅಂಗಳ ದಾಟೋ ಹಂಗೆ.

ಇಪ್ಪತ್ತೇಳು ತಿರುವು.
ಒಂದೊಂದರ ನಂಬರೂ ನಾನು ಕೂಗಿ ಹೇಳ್ತಿದ್ದೆ,
ಅವಳು ಎಣಿಸ್ತಾ ಎಚ್ಚರ ಇರಲಿ ಅಂತ.
ಅರ್ಧ ಇಳಿದಾಗ ಹಿಂದಿನಿಂದ ದನಿ ಬಂತು:
'ಹೆಂಗೂ ಸತ್ಯಕ್ಕೇ ಹೋಗ್ತಾ ಇದ್ದೀವಿ,
ಕೋಸು ಮಾರ್ಬುಡು. ವಾಪಸ್ಸು ಯಾಕೆ ಹೊತ್ತುಕೊಂಡು ಬತ್ತೀಯೆ.'
ಮಾರಿದೆ. ಎಕ್ಸ್‌ರೇಗಾಯಿತು, ಒಂದು ಎಳನೀರಿಗೂ.
ಸೂಸೈರಾಜ ಇವತ್ತಿಗೂ ಕೇಳಿಲ್ಲ.
ಕೊಡಬೇಕು.

ಹಂಗಾಗಿ ಪಟ್ಟಾ ಒಂದು ಹಾಕಿಸು, ಎರಡು ಬೇಡ.
ಖಾಲಿ ಬರೋ ದಿನವೂ ಗಾಡಿ ನಿನ್ನದೇ ತಾನೆ.

ಇದನ್ನೂ ತಗೋ, ಸೀಟಿನ ಕೆಳಗಿಡು.
ಏರಿನಲ್ಲಿ ನಿಂತರೆ ಹಿಂದಿನ ಚಕ್ರಕ್ಕೆ ಅಡ್ಡ ಕೊಡೋ ಕೊರಡು.
ಅಂಗಡಿಯಲ್ಲಿ ಸಿಗಲ್ಲ. ಹಲಸಿನ ಮರ,
ಉದ್ದಕ್ಕೆ ಸೀಳಿದೀನಿ, ಉರುಳದ ಹಂಗೆ.
ಒಂದು ತುದಿಯಲ್ಲಿ ಆಚಾರಿ ಕಡೆದ ಬಳೆ ಇನ್ನೂ ಅದೆ ನೋಡು.
ಮಿಕ್ಕ ಮೂರು ನನ್ನ ಗಾಡಿಯಲ್ಲವೆ.