ಎರಡು ಅಂಕದ ಪ್ರಶ್ನಿ

ಕುಂಚಾವರಂ ರೋಡಿನ ತಿರುವಿನ್ಯಾಗ
ಬಸ್ಸು ನನ್ನೊಬ್ಬಾಕಿನ್ನ ಇಳಿಸಿ ಹೋತು.
ಎದುರಿಗಿ ಗುಡ್ಡ.
ಖರೇ ಹೇಳಬೇಕಂದ್ರ, ಗುಡ್ಡ ಅನ್ಲಾಕೂ ಮನಸ್ಸು ಬರಲಿಲ್ಲ:
ಬ್ಯಾಗಿನ ನಕಾಶದಾಗ ಅದು
ಒಂದರೊಳಗೊಂದು ಐದು ಕಂದು ಗೆರಿ, ಅಷ್ಟೇ.
'ಒಂದು ತಾಸಿನ ಮಾತು' ಅಂದೆ.
ಜಮ್ನಿಬಾಯಿ ನನ್ನ ಹೊಸ ಬೂಟು ನೋಡಿದ್ಳು,
ಮೊಣಕಾಲಿನ ಪಟ್ಟಿ ನೋಡಿದ್ಳು,
ಏನೂ ಅನ್ನಲಿಲ್ಲ.
ಕುಡಗೋಲು ಸೊಂಟಕ್ಕ ಸಿಗಿಸಿ ಮುಂದ ನಡದ್ಳು.

ಇಪ್ಪತ್ತಾರು ವರ್ಷ ಭೂಗೋಳ ಕಲಿಸಿದಾಕಿ ನಾನು.
ಗೆರಿ ಒತ್ತೊತ್ತಾಗಿದ್ರ ಕಡಿದಾದ ಏರು,
ದೂರ ದೂರ ಇದ್ರ ಸಪಾಟು.
ಎರಡು ಅಂಕದ ಪ್ರಶ್ನಿ, ಪ್ರತಿ ವರ್ಷ ಗ್ಯಾರಂಟಿ.
ಎಷ್ಟು ಬೆಟ್ಟ ಬರದೆ ಚಾಕ್‌ಪೀಸಿಲಿಂದ, ಎಷ್ಟು ಒರಸಿದೆ,
ಒಂದನ್ನೂ ಹತ್ತಿರಲಿಲ್ಲ.

ಗೆರಿಯೊಳಗ ಏನಿರತದ ಅಂತ ಈಗ ಗೊತ್ತಾತು:
ಕೆಂಪು ಗರಸು, ಬೂಟಿನಡಿ ಗೋಲಿಯಂಗ ಹೊರಳತದ;
ಒಣಗಿದ ಹುಲ್ಲಿನ ಮುಳ್ಳು, ಕಾಲುಚೀಲ ತೂರಿ ಬರತದ;
ತುಮರಿ, ದಿಂಡಗ, ಅರ್ಧ ಎಲಿ ಉದುರಿಸಿ ನಿಂತ ಸಾಗವಾನಿ,
ಎಲ್ಲಾದರ ನಡು ನನ್ನದೇ ಉಸಿರು,
ತೂತು ಬಿದ್ದ ಹಾರ್ಮೋನಿಯಂ ತಿದಿಯಂಗ.

ಎರಡನೇ ಗೆರಿಗೂ ಮೂರನೇ ಗೆರಿಗೂ ನಡುವ ಜಾರಿದೆ.
ಹತ್ತು ಮಾರು ಕೆಳಗ, ಕುಂತಂಗೇ.
ನೀರಿನ ಬಾಟ್ಲಿ ನನಗಿಂತ ಮುಂದ ಹೋತು
ಟಣ್ ಟಣ್ ಅನ್ಕೋತ, ಭಾಳ ಹೊತ್ತು,
ಕಾಣದಂಗಾದ ಮ್ಯಾಲೂ ಕೇಳಿಸ್ತು.
'ಗುಡ್ಡಕ್ಕ ನೀರು ಕುಡಿಸಿದ್ರಿ ನೋಡ್ರಿ ಟೀಚರ್!'
ಜಮ್ನಿಬಾಯಿ ಮೊದಲ ನಕ್ಕಳು,
ಆಮ್ಯಾಲ ಕೈ ಕೊಟ್ಳು.

ಆಕಿ ಸುತ್ತು ಹಾಕೂದಿಲ್ಲ.
ನೀರು ಇಳದ ಕೊರಕಲಿನ್ಯಾಗ
ಬೇರು ಹಿಡದು, ಬಂಡಿಗಲ್ಲು ಅಪ್ಪಿ, ನೆಟ್ಟಗ ಮ್ಯಾಲ.
ನನ್ನ ಎದಿ ಒಮ್ಮಿಗೇ ಝಲ್ ಅಂತು, ಏರಿಗಲ್ಲ:
ಈ ಗೆರಿ ನಾನು ನೋಡೀನಿ.

ಎಂಟನೆತ್ತೆ, ಬಿ ಸೆಕ್ಷನ್, ಕಡೀ ಬೆಂಚು, ತಾವರ್ಯಾ.
ಸಮೋನ್ನತ ರೇಖೆ ಬರಿ ಅಂದ್ರ
ಬುಡದಿಂದ ತುದಿಗಿ ಒಂದೇ ಒಂದು ಸೊಟ್ಟ ಗೆರಿ ಎಳದು
ಬಾಜೂಕ ಬರದಿದ್ದ: 'ನಮ್ಮ ಯಾಡಿ ಹೋಗೂ ದಾರಿ.'
ಸೊನ್ನಿ ಹಾಕಿದ್ದೆ, ಕೆಂಪು ಪೆನ್ನಿಲಿಂದ, ದುಂಡಗ.
ಅಂಕಪಟ್ಟಿಗಿ ಪಾಲಕರ ಸಹಿ ತಾ ಅಂದಿದ್ದೆ.
ಬಂದಿತ್ತು: ನೀಲಿ ಶಾಯಿಯ ಹೆಬ್ಬೆಟ್ಟು,
ಒಂದರೊಳಗೊಂದು, ಒಂದರೊಳಗೊಂದು ಗೆರಿ.

'ತಾವರ್ಯಾ ಈಗ ಏನು ಮಾಡ್ತಾನ?'
'ಜೆಸಿಬಿ ಹೊಡೀತಾನ್ರಿ, ತಾಂಡೂರ ಕಡಿ, ಕಲ್ಲಿನ ಖಣ್ಯಾಗ.'
ಮುಂದ ಕೇಳಲಿಲ್ಲ.
ಕೇಳ್ಲಾಕ ಉಸಿರೂ ಇರಲಿಲ್ಲ.

ತುದಿ ಅಂದ್ರ ಅಂಥಾ ತುದಿ ಏನಲ್ಲ.
ಎದುರಿಗಿ ಇಂಥಾದೇ ಇನ್ನೊಂದು ಗುಡ್ಡ, ಅದರ ಹಿಂದ ಮತ್ತೊಂದು,
ಸಂತಿ ಮುಗಿಸಿ ಕುಂತ ಹೆಣ್ಮಕ್ಕಳ ಬೆನ್ನಿನಂಗ.
ನಡು ಸರ್ವೇ ಕಲ್ಲು. ಇದಕ್ಕೇ ಬಂದಾಕಿ ನಾನು:
ನಕಾಶದಾಗಿನ ಸಣ್ಣ ತ್ರಿಕೋನ, ಎತ್ತರದ ಅಂಕಿ ನೆಟ್ಟ ಜಾಗ.
ಅಂಕಿ ಇರಲಿಲ್ಲ.
ನೆತ್ತಿ ಮ್ಯಾಲ ನಾಕು ತಗ್ಗು, ನುಣ್ಣಗ.
'ಬ್ಯಾಸಿಗ್ಯಾಗ ಚಾರೋಳಿ ಒಡೀತೀವ್ರಿ ಇದರ ಮ್ಯಾಲ.
ನಮ್ಮ ಯಾಡಿ ಒಡೀತಿದ್ಳು. ಆಕಿ ಯಾಡಿನೂ.'
ರೊಟ್ಟಿ ಬಿಚ್ಚಿದ್ಳು, ಶೇಂಗಾದ ಹಿಂಡಿ.
ಆಕಿ ಅತ್ಲಾಗ ನೋಡಿದಾಗ
ಒಂದು ತಗ್ಗಿನ್ಯಾಗ ಹೆಬ್ಬೆಟ್ಟು ಇಟ್ಟು ನೋಡಿದೆ.
ಕುಂತಿತು.

ಇಳಿಯೂದು ಏರೂದಕ್ಕಿಂತ ಕಠಿಣ, ಯಾರೂ ಹೇಳಿರಲಿಲ್ಲ.
ಮೊಣಕಾಲು ಹೆಜ್ಜಿಗೊಮ್ಮಿ ಚೀರತದ.
'ಗುಡ್ಡಕ್ಕ ಬೆನ್ನು ತಿರುವಬ್ಯಾಡ್ರಿ.
ಮಾರಿ ಅದರ ಕಡಿ ಮಾಡಿ ಇಳೀರಿ, ನಿಚ್ಚಣಕಿ ಇಳದಂಗ.
ಕಾಲು ಎಲ್ಲಿ ಅಂತ ನಾ ಕೆಳಗಿಂದ ಹೇಳ್ತೀನಿ.'
ಎಡಕ್ಕ, ಅಂತಾಳ. ಇಡ್ತೀನಿ.
ಇನ್ನೊಂದು ಗೇಣು, ಅಂತಾಳ. ಇಡ್ತೀನಿ.
ಹಂಗ ಹಿಂದ ಹಿಂದ ಸರದಂಗೆಲ್ಲ
ನನ್ನೆದುರಿಗೇ ಎದ್ದು ನಿಂತ್ಕೋತ ಹೋತು
ಮುಂಜಾನಿ ನಾನು ಗುಡ್ಡ ಅನ್ಲಾಕ ಒಲ್ಲೆ ಅಂದದ್ದು.
ರೋಡಿಗಿ ಕಾಲು ಮುಟ್ಟಿದಾಗ
ಕುತಿಗಿ ಪೂರಾ ಹಿಂದಕ್ಕ ಬಾಗಿಸಬೇಕಾತು.

ಬಾಟ್ಲಿ ಸಿಗಲಿಲ್ಲ.